ಮಾಯವ್ವನ ಮಗ ತಿಪ್ಪಣ್ಣ

ಬಾಗಲಕೋಟೆ,
ಮಂಗಳವಾರ, ೯ ಫೆಬ್ರುವರಿ ೧೯೫೪

ಚಿರಂಜೀವಿ ಮಧುಸೂದನನಿಗೆ ನಿನ್ನ ತಂದೆ ಪಂಢರೀನಾಥನ ಆಶೀರ್ವಾದಗಳು.

ಪುಣೆಯ ಥಂಡಿ ಇನ್ನೂ ಇಳಿದಿಲ್ಲವೆಂದು ಬರೆದಿದ್ದೆ. ಕೆಮ್ಮು ಹೇಗಿದೆ? ಖಾನಾವಳಿಯ ಎಣ್ಣೆ ಒಗ್ಗದಿದ್ದರೆ ನಾಲ್ಕು ದಿನ ಮೊಸರನ್ನ ಉಂಡುಕೊಂಡಿರು, ಮರ್ಯಾದೆಗೆ ಅಂಜಿ ಹೊಟ್ಟೆ ಕೆಡಿಸಿಕೊಳ್ಳಬೇಡ. ಬಾದಾಮಿಯಿಂದ ನಿನ್ನ ಹೆಂಡತಿಯ ಪತ್ರ ಬಂದಿದೆ. ಜಾನಕಿ ತವರಿನಲ್ಲಿ ಆರಾಮ ಇದ್ದಾಳೆ, ಕಾಲು ಸ್ವಲ್ಪ ಬಾತಿವೆಯಂತೆ, ಒಂಬತ್ತನೆಯ ತಿಂಗಳಲ್ಲಿ ಅದು ಇದ್ದದ್ದೇ ಎನ್ನುತ್ತಾಳೆ ನಿನ್ನ ತಾಯಿ. ಇಲಕಲ್ಲಿನಿಂದಲ್ಲದೆ ಬಾಗಲಕೋಟೆಯಿಂದ ಬರೆಯುತ್ತಿದ್ದೇನೆಂದು ಗಾಬರಿಯಾಗಬೇಡ. ನಿನ್ನ ಮಗ ವಾದಿರಾಜನನ್ನು ಕಾಲಿನ ಆಪರೇಶನ್ನಿಗೆಂದು ಇಲ್ಲಿಯ ದವಾಖಾನೆಗೆ ಸೇರಿಸಿಯಾಯಿತು. ಹೇಗೆ ಸೇರಿಸಿದೆವು ಎಂಬುದನ್ನು ಕೇಳಿದರೆ ನೀನು ಅಲ್ಲಿಂದಲೇ ತಲೆ ಚಚ್ಚಿಕೊಳ್ಳುತ್ತೀ. ನಾನು ಚಚ್ಚಿಕೊಂಡು ಮುಗಿಸಿದ್ದೇನೆ.

"ಸರಕಾರಿ ನೌಕರರ ಮಕ್ಕಳಿಗೆ ಚಿಕಿತ್ಸೆ ಪೂರ್ತಿ ಪುಕ್ಕಟೆ, ನಿಯಮ ಸ್ಪಷ್ಟವಾಗಿದೆ, ಹುಡುಗನ ಜನನದ ದಾಖಲೆಯ ಉತಾರವೊಂದನ್ನು ತೆಗೆಸಿ ನನ್ನ ಆಫೀಸಿನ ಪತ್ರಕ್ಕೆ ಜೋಡಿಸಿದರೆ ಸಾಕು" ಎಂದು ನೀನು ಬರೆದಿದ್ದೆ. ಆ "ಸಾಕು" ಎಂಬ ಶಬ್ದವನ್ನು ನಂಬಿ ಈ ಮುದುಕ ಹುನಗುಂದದ ಮಾಮಲೇದಾರ ಕಚೇರಿಗೆ ನಾಲ್ಕು ಸಲ ಬಸ್ಸು ಹತ್ತಿದ. ಮೊದಲನೆಯ ದಿನ ಸಾಹೇಬರು ಹಳ್ಳಿಗಳ ಫಿರತಿಯ ಮೇಲಿದ್ದರು. ಎರಡನೆಯ ದಿನ ಜನನ ಮರಣದ ದಫ್ತರವಿದ್ದ ಕಪಾಟಿನ ಕೀಲಿಕೈ ಸಾಹೇಬರ ಜೊತೆಗೇ ಫಿರತಿಗೆ ಹೋಗಿತ್ತು. ಮೂರನೆಯ ದಿನ ಸಾಹೇಬರೂ ಬಂದರು, ಕೀಲಿಕೈಯೂ ಬಂತು, ದಫ್ತರವನ್ನೂ ತೆಗೆದರು. ಅದರಲ್ಲಿ ನಿನ್ನ ಮಗನೇ ಇರಲಿಲ್ಲ.

ಅಲ್ಲಿ ಕಾರಕೂನನಾಗಿರುವವನು ಫಕ್ರುಸಾಬ. ನಿನಗೆ ನೆನಪಿರಬೇಕು, ನನ್ನ ಕೈಯಲ್ಲೇ ಕಲಿತವನು, ಕಾಗುಣಿತ ತಪ್ಪಿದ್ದಕ್ಕೆ ನನ್ನ ರೂಲುಕಟ್ಟಿಗೆಯ ರುಚಿಯನ್ನೂ ಕಂಡವನು. ಪಾಪ, ಕುರ್ಚಿ ಕೊಟ್ಟು, ಚಹಾ ತರಿಸಿ, ನಲವತ್ತೊಂಬತ್ತನೆಯ ಇಸವಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದ. ವಾದಿರಾಜ ಹುಟ್ಟಿದ ತಾರೀಖಿಗೆ ನಮ್ಮ ಓಣಿಯಲ್ಲಿ ಒಂದೇ ಕೂಸು ಹುಟ್ಟಿದೆ: ಹೆಸರು ತಿಪ್ಪಣ್ಣ, ತಂದೆ ಯಮನಪ್ಪ, ತಾಯಿ ಮಾಯವ್ವ, ಕಸುಬು ಕೂಲಿ. "ಮಾಸ್ತರ, ಕಾಗದದ ಪ್ರಕಾರ ಈ ಹುಡುಗ ನಿಮ್ಮ ಮನೀಯವನಲ್ರಿ" ಎಂದ. ಇದೇನೋ ನಡುವೆ ಆದ ಗೊಂದಲ, ತಿದ್ದಿ ಕೊಡು ಎಂದೆ. ಅವನು ಆ ಸಾಲನ್ನು ಬಹಳ ಹೊತ್ತು ನೋಡಿದ. "ಅಕ್ಷರ ಭಾಳ ಚೆಂದ ಅದಾವ್ರಿ, ಇದರ ಮ್ಯಾಲ ಗೀಟು ಹೊಡೀಲಿಕ್ಕೆ ನನ್ನ ಕೈ ಬರೂದಿಲ್ಲ. ಬರದದ್ದನ್ನ ಓದಬೇಕು, ಮನಸಿಗೆ ಬಂದಿದ್ದಲ್ಲ ಅಂತ ನೀವಽ ಕಲಿಸೀರಿ" ಎಂದ. ಕಲಿಸಿದ್ದು ಹೌದು. ಕಲಿತದ್ದನ್ನು ಇಂಥ ದಿನವೇ ಹೊರಗೆ ತೆಗೆಯಬೇಕೆ?

ಗೊಂದಲ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಮೂರು ಕೂಸುಗಳು ಹಿರೇಹೊಳೆಯ ದಂಡೆಯಲ್ಲಿ ಮಣ್ಣಾದ ಮೇಲೆ ನಾಲ್ಕನೆಯದು ಹುಟ್ಟಿತು. ಹುಟ್ಟಿದ ತಾಸಿನೊಳಗೆ ನಿನ್ನ ತಾಯಿ ಅದನ್ನು ಜೋಳ ಕೇರುವ ಮರದಲ್ಲಿ ಮಲಗಿಸಿ ಹಿತ್ತಲ ಬಾಗಿಲಿನಿಂದ ಮಾಯವ್ವನ ಉಡಿಗೆ ಹಾಕಿದಳು. ಅವಳ ಐದೂ ಮಕ್ಕಳು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾವಲ್ಲ, ಅದಕ್ಕೆ. ಕೂಸು ಅವಳ ಎದೆಹಾಲು ಕುಡಿದು ಅವಳ ಮಗನಾಯಿತು. ಆಮೇಲೆ ನಿನ್ನ ತಾಯಿ ತುಳಸೀಬಾಯಿಯವರು ಒಂದು ಸೇರು ಜೋಳ ಕೊಟ್ಟು ತಮ್ಮ ಮೊಮ್ಮಗನನ್ನು ತಾವೇ ಕೊಂಡು ತಂದರು. ತಿಪ್ಪೆಯಲ್ಲಿ ಸಿಕ್ಕವನೆಂದು ತಿಪ್ಪಣ್ಣ ಎಂದು ಕರೆದರು. ಯಾರ ಮಗನೆಂದು ಯಮನಿಗೆ ತಿಳಿಯಬಾರದಂತೆ. ಯಮನಿಗೆ ತಿಳಿಯಲಿಲ್ಲ, ಸರಿ. ಸರಕಾರಕ್ಕೂ ತಿಳಿಯದ ಹಾಗಾಯಿತು. ಹೆಂಗಸರ ಹುಚ್ಚು ಎಂದು ನೀನು ಆಗ ನಕ್ಕಿದ್ದೆ. ನಾನು ಜಗಲಿಯ ಮೇಲೆ ಪಂಚಾಂಗ ಹಿಡಿದುಕೊಂಡು ಕೂತಿದ್ದೆ.

ಈಗ ತಿದ್ದಬೇಕಾದರೆ ಮಾಯವ್ವ ಮಾಮಲೇದಾರರ ಎದುರು ನಿಂತು "ಇವನು ನನ್ನ ಮಗನಲ್ಲ" ಎಂದು ಹೇಳಿಕೆ ಕೊಡಬೇಕು, ಆಮೇಲೆ ಕೋರ್ಟು, ಆಮೇಲೆ ಮೂರೋ ಆರೋ ತಿಂಗಳು. ಮುಂಬಯಿಯ ಎಲುಬಿನ ಡಾಕ್ಟರರು ಇಲ್ಲಿರುವುದೇ ಹದಿನೈದು ದಿನ. ಹುಡುಗನ ಬಲಪಾದ ಹುಟ್ಟಿದಾಗಿನಿಂದ ಒಳಕ್ಕೆ ತಿರುಗಿದೆ, ಇನ್ನೊಂದು ವರ್ಷ ತಡೆದರೆ ಎಲುಬು ಬಲಿತು ಕಡೆಯವರೆಗೂ ಅಂಚಿನ ಮೇಲೇ ನಡೆಯಬೇಕಾಗುತ್ತದೆ ಎಂದು ಅವರು ಹೇಳಿದ್ದನ್ನು ನಿನಗೆ ಬರೆದಿದ್ದೆ. ಆದರೂ ಮೊದಲು ಹೇಳಿಕೆಯಾದರೂ ಆಗಲಿ ಎಂದು ಮಾಯವ್ವನ ಮನೆಗೆ ಹೋದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. "ಬ್ಯಾರೆ ಏನು ಬೇಕಾದ್ರೂ ಹೇಳ್ರಿ, ಕಚೇರಿ ಕಸಾ ಹೊಡಿ ಅನ್ರಿ, ಹೊಡೀತೇನಿ. ಆ ಮಾತು ಮಾತ್ರ ನನ್ನ ಬಾಯಿಂದ ಬರಂಗಿಲ್ರಿ. ಐದು ವರ್ಷ ಅನ್ನಲಾರದ್ದಕ್ಕಽ ಹುಡುಗ ಉಳದೈತಿ" ಎಂದಳು. ನಾನು ಕಾಯ್ದೆ ಹೇಳಿದೆ, ವೈದ್ಯಶಾಸ್ತ್ರ ಹೇಳಿದೆ, ಸಿಟ್ಟು ಮಾಡಿದೆ. ಮನೆಗೆ ಬಂದರೆ ನಿನ್ನ ತಾಯಿಯೂ ಅವಳ ಕಡೆಗೇ. "ಅಕಿ ಹೇಳೂದು ಖರೇನಽ ಅದ" ಎಂದು ಒಳಗೆ ಹೋಗಿಬಿಟ್ಟಳು. ಮೂವತ್ತೊಂದು ವರ್ಷ ಸಾಲಿ ಕಲಿಸಿದವನ ಮಾತು ಸ್ವಂತ ಓಣಿಯಲ್ಲಿ ಇಷ್ಟು ನಡೆಯುತ್ತದೆ ನೋಡು.

ಮರುದಿನ ಬೆಳಿಗ್ಗೆ ಮಾಯವ್ವ ತಾನೇ ಹಿತ್ತಲ ಬಾಗಿಲಿಗೆ ಬಂದಳು. "ಕಾಗದದಾಗ ನನ್ನ ಮಗ ಅಂತ ಐತೆಲ್ರಿ? ನಾನಽ ಕರ್ಕೊಂಡು ಹೋಗ್ತೇನಿ ಬಿಡ್ರಿ" ಎಂದಳು. ನಾಲ್ಕನೆಯ ಸಲ ಹುನಗುಂದಕ್ಕೆ ಹೋಗಿ ಫಕ್ರುಸಾಬನನ್ನು ಕೇಳಿದರೆ, ಕೂಲಿಯವರ ಮಕ್ಕಳಿಗೂ ಚಿಕಿತ್ಸೆ ಪುಕ್ಕಟೆಯೇ, ಬಡವರೆಂದು ತಲಾಠಿ ಬರೆದ ಚೀಟಿ ಮತ್ತು ಇದೇ ಉತಾರ ಇದ್ದರೆ ಆಯಿತು ಎಂದ. ನನ್ನ ಮುಖ ನೋಡದೆ ಉತಾರ ಬರೆದು ಶಿಕ್ಕೆ ಒತ್ತಿ ಕೊಟ್ಟ. ಸರಕಾರಿ ನೌಕರನ ಮಗನಿಗೆ ಸಿಗದ ದವಾಖಾನೆಯ ಮಂಚ ಯಮನಪ್ಪನ ಮಗನಿಗೆ ಅರ್ಧ ತಾಸಿನಲ್ಲಿ ಸಿಕ್ಕಿತು. ಖರೆ ಹೇಳಿರಿ ಎಂದು ಜನ್ಮವೆಲ್ಲ ಮಕ್ಕಳ ಕೈಯಲ್ಲಿ ಬರೆಸಿದವನು ನೀರಿನ ಚರಿಗೆ ಹಿಡಿದುಕೊಂಡು ಮಾಯವ್ವನ ಹಿಂದೆ ನಿಂತಿದ್ದೆ. "ನೀವ್ಯಾರ್ರಿ?" ಎಂದು ನರ್ಸಬಾಯಿ ಕೇಳಿದಳು. "ಇವರ ಓಣಿಯವ" ಎಂದೆ. ಹೇಳಿದ್ದು ಸುಳ್ಳಲ್ಲ.

ಹುಡುಗ ಗೆಲುವಾಗಿದ್ದಾನೆ. ತಿಪ್ಪಣ್ಣಾ ಎಂದು ಕರೆದರೆ ಓ ಎನ್ನುತ್ತಾನೆ, ಇದೊಂದು ಆಟವೆಂದು ತಿಳಿದಿದ್ದಾನೆ. ಮಾಯವ್ವನ ಬುತ್ತಿಯ ಒಣ ಕಟಿರೊಟ್ಟಿಯನ್ನು ಕೆಂಪಿಂಡಿಯ ಖಾರದ ಜೊತೆ ಕಟಕಟ ತಿನ್ನುತ್ತಾನೆ. ಅವಳ ಕೈಯ ಊಟ ಉಣ್ಣುತ್ತಾನೆಂದು ನಿನ್ನ ತಾಯಿಗೆ ಅಂಜುತ್ತಲೇ ಹೇಳಿಕಳಿಸಿದೆ. "ಹಾಲು ಕುಡದ ಮ್ಯಾಲೆ ರೊಟ್ಟಿದೇನು" ಎಂದಳಂತೆ. ಅವಳು ಸೋಮವಾರ ಇಲ್ಲಿಗೆ ಬರುತ್ತಾಳೆ. ಜಾನಕಿಗೆ ಸದ್ಯ ಏನೂ ಬರೆಯಬೇಡ, ಈ ಸ್ಥಿತಿಯಲ್ಲಿ ಅವಳ ಮನಸ್ಸು ಕದಡುವುದು ಬೇಡ. ನಿನ್ನ ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸು. ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು, ವೇಳೆಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಸುಖವಾಗಿಡಲಿ.

ನಿನ್ನ ತಂದೆ,
ಪಂಢರೀನಾಥ

ತಾ.ಕ.: ಟಪಾಲಿನವನು ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಪರೇಶನ್. ಒಪ್ಪಿಗೆಯ ಕಾಗದಕ್ಕೆ ಯಮನಪ್ಪ ಹೆಬ್ಬೆಟ್ಟು ಒತ್ತಿದ್ದಾನೆ. ರಜೆ ಕೊಡದಿದ್ದರೂ ಹೊರಟು ಬಾ. ಬಾಗಿಲಲ್ಲಿ ಯಾರೆಂದು ಕೇಳಿದರೆ ತಂದೆ ಎನ್ನಬೇಡ, ಓಣಿಯವನು ಎನ್ನು. ಹುಡುಗ ಅಳುವಾಗ ಮಂಚದ ಹತ್ತಿರ ಮಾಯವ್ವನನ್ನೇ ಬಿಡುತ್ತಾರೆ, ನೀನು ದೂರ ನಿಲ್ಲಬೇಕಾಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡು ಬಾ. ಬಂದವನು ನಿನ್ನ ತಾಯಿಯ ಮೇಲೆ ಹರಿಹಾಯಬೇಡ. ಅವಳು ಕೂಸನ್ನು ಮರದಲ್ಲಿ ಹಾಕಿದ್ದು ಖರೆ, ಆದರೆ ಅವಳಿಗೆ ಬರೆಯಲು ಬರುವುದಿಲ್ಲ. ಆ ವರ್ಷಗಳಲ್ಲಿ ಊರಿನ ಜನನ ಮರಣ ಬರೆಯುವ ಕೆಲಸವನ್ನು ಸಾಲಿಯ ಹೆಡ್‌ಮಾಸ್ತರನಿಗೇ ಹಚ್ಚಿದ್ದರು. ಮೂರು ಕೂಸುಗಳ ಹುಟ್ಟನ್ನೂ ಸಾವನ್ನೂ ಅದೇ ದಫ್ತರದಲ್ಲಿ ನಾನೇ ಬರೆದಿದ್ದೆ. ನಾಲ್ಕನೆಯದನ್ನು ಬರೆಯುವಾಗ ನನಗೆ ಅಂಜಿಕೆಯಾಯಿತು. ಫಕ್ರುಸಾಬ ನನ್ನ ಅಕ್ಷರದ ಗುರುತು ಹಿಡಿದ, ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಬರೆಯುವ ಪ್ರಸಂಗ ಬಂದರೂ ಹಾಗೆಯೇ ಬರೆಯುತ್ತೇನೆ.