ಭಾನುವಾರ ನದಿಗೆ ಹೋಗುವವರು

ಫೋಜಿಯಾ
ಮಂಗಳವಾರ, 13 ಜೂನ್ 1944

ಪ್ರೀತಿಯ ಅತ್ತಿಗೆ ಡೋನಾಟಾ,

ಇಲ್ಲಿ ಒಂದು ತಪ್ಪು ನಡೆಯುತ್ತಿದೆ. ಕುಶಲ ಕೇಳುವ ಮುಂಚೆ ಅದನ್ನೇ ಹೇಳಿಬಿಡುತ್ತೇನೆ. ಅಮೆರಿಕದ ಹುಡುಗರು ಈ ಬಯಲಿನಿಂದ ಹಾರಿ ಆಸ್ಟ್ರಿಯಾಕ್ಕೆ ಹೋಗಿ ಒಂದು ಖಾಲಿ ಕಾರ್ಖಾನೆಯ ಮೇಲೆ ಬಾಂಬು ಹಾಕುತ್ತಾ ಸಾಯುತ್ತಿದ್ದಾರೆ. ಯಂತ್ರಗಳೆಲ್ಲ ಈಗ ಎಲ್ಲಿವೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಅವರ ಅಂಗಿ ಒಗೆಯುತ್ತಿದ್ದೇನೆ.

ಈಸ್ಟರ್ ಕಳೆದ ಮೇಲೆ ನಿನಗೆ ಒಂದು ಸಾಲೂ ಬರೆದಿಲ್ಲ, ಕ್ಷಮಿಸು. ನೀನು ಕಳಿಸಿದ ಒಣಕಾಳು ತಲುಪಿತು. ಅದರ ಜೊತೆ ಹೇಳಿ ಕಳಿಸಿದ ಮಾತೂ ತಲುಪಿತು: "ನಿನ್ನ ಕರಪತ್ರ ಬೇಯಿಸಿದ್ರೆ ಸಾರಾಗಲ್ಲ ಕಣೇ, ಅದಕ್ಕೇ ಕಾಳು." ಕಾಳು ಚೆನ್ನಾಗಿ ಬೆಂದಿತು. ಕರಪತ್ರಗಳನ್ನು ನಾನಿನ್ನೂ ಓದುತ್ತಲೇ ಇದ್ದೇನೆ. ಪುಟ್ಟ ಆಸ್ಸುಂತಾ ಹೇಗಿದ್ದಾಳೆ? ಅಪ್ಪನ ಫೋಟೊಗೆ ಈಗಲೂ ರೊಟ್ಟಿ ತಿನ್ನಿಸುತ್ತಾಳಾ?

ನಾನು ಚೆನ್ನಾಗಿದ್ದೇನೆ. ವಿಮಾನ ನಿಲ್ದಾಣದ ಬೇಲಿಯ ಹೊರಗೆ, ಗೋಧಿ ಹೊಲದ ಬದುವಿನಲ್ಲಿ ನಮ್ಮ ಹಂಡೆಗಳಿವೆ. ಒಗೆಯುವ ಹೆಂಗಸರಲ್ಲಿ ನಾನೇ ಚಿಕ್ಕವಳು, ಮಾತಿನಲ್ಲಿ ದೊಡ್ಡವಳು. ಫಿಲುಮೇನಾ ಅಜ್ಜಿ ದಿನವೂ ಕೆಣಕುತ್ತಾಳೆ: "ಜಗತ್ತನ್ನ ಆಮೇಲೆ ತೊಳೆಯೋವಂತೆ, ಮೊದ್ಲು ಈ ಚಡ್ಡಿ ಹಿಂಡು." ಹಿಂಡುತ್ತೇನೆ. ಹೋದ ಬೇಸಿಗೆಯಲ್ಲಿ ಈ ಬಯಲು ಜರ್ಮನರದಾಗಿತ್ತು. ಆಗ ಅಮೆರಿಕದ ಇದೇ ವಿಮಾನಗಳು ಇದರ ಮೇಲೆ ಬಾಂಬು ಹಾಕಲು ಬಂದಿದ್ದವು. ಬಯಲಿಗೂ ಬಿತ್ತು, ರೈಲು ನಿಲ್ದಾಣದ ಹತ್ತಿರ ನೀರಿಗೆ ನಿಂತಿದ್ದ ನಮ್ಮಮ್ಮನ ಮೇಲೂ ಬಿತ್ತು. ಅವರ ಬಟ್ಟೆ ಹೇಗೆ ಮುಟ್ಟುತ್ತೀಯ ಎಂದು ನೀನು ಒಮ್ಮೆ ಕೇಳಿದ್ದೆ. ಅಮ್ಮನನ್ನು ಕೊಂದದ್ದು ಈ ಯುದ್ಧ, ಯುದ್ಧವನ್ನು ತಂದವರು ನಮ್ಮ ಫ್ಯಾಸಿಸ್ಟರು, ಆ ಕಪ್ಪು ಅಂಗಿಯವರು, ಅದು ಬೇಗ ಮುಗಿಯಬೇಕಾದರೆ ಜರ್ಮನರ ವಿಮಾನಗಳು ಹುಟ್ಟುವ ಕಡೆಯೇ ಸಾಯಬೇಕು ಎಂದು ನಾನು ಉತ್ತರ ಕೊಟ್ಟಿದ್ದೆ. ಇವತ್ತಿಗೂ ಹಾಗೆಯೇ ನಂಬುತ್ತೇನೆ. ನಂಬಿಕೆಗೆ ಬೆಲೆ ತೆರುವ ದಿನ ಬಂದಾಗ ನಂಬಿಕೆ ಬದಲಾಯಿಸುವುದು ಹೇಡಿಗಳ ಕೆಲಸ.

ಡೊಮ್ ಎಂಬ ಹುಡುಗನ ಬಟ್ಟೆ ನನ್ನ ಪಾಲಿಗೆ ಬರುತ್ತಿತ್ತು. ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುವವನು. ಅವನ ಅಜ್ಜಿ ಬಾರಿಯ ಕಡೆಯವಳಂತೆ, ಅದಕ್ಕೇ ನಮ್ಮ ಮಾತು ಮುದುಕಿಯರ ಹಾಗೆ ಆಡುತ್ತಿದ್ದ. ನನ್ನನ್ನು "ಏನವ್ವಾ" ಎಂದು ಕರೆದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಒಂದು ದಿನ ಕೇಳಿದೆ, "ಅಷ್ಟು ಎತ್ತರದಿಂದ ಗುರಿ ಹೇಗೆ ಹಿಡೀತೀರಿ?"

"ನಾವೆಲ್ಲಿ ಹಿಡೀತೀವಿ? ಮುಂದಿನ ವಿಮಾನದವನು ಹಿಡೀತಾನೆ. ಅವನು ಬಿಟ್ಟಿದ್ದು ಕಂಡ್ರೆ ನಾವೂ ಬಿಡ್ತೀವಿ. ನೆಲ ನೋಡಲ್ಲ ಅವ್ವಾ, ಅವನನ್ನ ನೋಡ್ತೀವಿ."

ನಮ್ಮ ಕೊಯ್ಲಿನ ಸಾಲಿನಂತೆಯೇ ಎನ್ನಿಸಿತು. ಮುಂದಾಳು ಕುಡುಗೋಲು ಹಾಕಿದರೆ ಸಾಲಿಗೆ ಸಾಲೇ ಬಾಗುತ್ತದಲ್ಲ, ಹಾಗೆ. ಮುಂದಾಳು ತಪ್ಪು ಹೊಲಕ್ಕೆ ಇಳಿದರೂ ಅಷ್ಟೇ.

ಆಮೇಲೆ ಅವನು ಹೇಳಿದ, "ಆಸ್ಟ್ರಿಯಾದ ಆ ಕಾರ್ಖಾನೇಲಿ ಏನೋ ಸರಿಯಿಲ್ಲ. ಚಾವಣಿ ಬಿದ್ದುಹೋಗಿದೆ, ಕೊಳವೇಲಿ ಹೊಗೆ ಇಲ್ಲ. ಆದ್ರೂ ಸುತ್ತ ವಿಮಾನ ಹೊಡೆಯೋ ತೋಪುಗಳು ಹೋದ ಸಲಕ್ಕಿಂತ ಜಾಸ್ತಿ. ಖಾಲಿ ಮನೆಗೆ ಇಷ್ಟು ಕಾವಲು ಯಾಕೆ?"

ಹೋದ ಬುಧವಾರ ಮಧ್ಯಾಹ್ನ ಅದಕ್ಕೆ ಉತ್ತರ ನಡೆದುಕೊಂಡು ಬಂತು. ನಿಮ್ಮೂರಿನ ಸವೀನೊ, ನಮ್ಮ ಪೊತೀತೊ ಅಣ್ಣನ ಜೊತೆ ಸೈನ್ಯಕ್ಕೆ ಸೇರಿ, ಹೋದ ಸೆಪ್ಟೆಂಬರಿನಲ್ಲಿ ನಮ್ಮ ದೇಶ ಶರಣಾದಾಗ ಅವನ ಜೊತೆಯಲ್ಲೇ ಜರ್ಮನರ ಕೈಗೆ ಸಿಕ್ಕವನು. ತಪ್ಪಿಸಿಕೊಂಡು ಯುಗೊಸ್ಲಾವಿಯಾದ ಕಾಡಿನ ಹೋರಾಟಗಾರರ ಜೊತೆ ಸೇರಿ, ಅವರ ದೋಣಿಯಲ್ಲಿ ಬಾರಿಗೆ ಬಂದಿದ್ದಾನೆ. ಹಂಡೆಯ ಪಕ್ಕ ನಿಂತವನನ್ನು ಕಂಡು ಫಿಲುಮೇನಾ ಅಜ್ಜಿ ಭಿಕ್ಷುಕನೆಂದು ರೊಟ್ಟಿ ಕೊಟ್ಟಳು. ರೊಟ್ಟಿ ತಿಂದ ಮೇಲೆ ಅವನು ನನ್ನ ಹೆಸರು ಕರೆದ.

ಅಣ್ಣ ಬದುಕಿದ್ದಾನೆ, ಅತ್ತಿಗೆ. ಈ ಸಾಲನ್ನು ಇನ್ನೊಮ್ಮೆ ಓದಿಕೊ, ಆಮೇಲೆ ಮುಂದೆ ಓದು.

ಅವರಿಬ್ಬರನ್ನೂ ಇಟ್ಟಿದ್ದು ಡೊಮ್ ಹೇಳಿದ ಆ ವಿಮಾನ ಕಾರ್ಖಾನೆಯಲ್ಲೇ. ವಸಂತದಲ್ಲಿ ಜರ್ಮನರು ಯಂತ್ರಗಳನ್ನೆಲ್ಲ ಒಂದು ಕಣಿವೆಯ ಹಳೆಯ ನೂಲಿನ ಗಿರಣಿಗೆ ಸಾಗಿಸಿದರಂತೆ. ಕೈದಿಗಳನ್ನೂ ಸಾಗಿಸಿದರು. ಕೆಳಗೆ ವಿಮಾನದ ರೆಕ್ಕೆ ಮಾಡುತ್ತಾರೆ, ಮೇಲಿನ ಮಹಡಿಯಲ್ಲಿ ಬೀಗ ಹಾಕಿಸಿಕೊಂಡು ಮಲಗುತ್ತಾರೆ. ಹಳೆಯ ಕಾರ್ಖಾನೆಯ ಸುತ್ತ ತೋಪುಗಳನ್ನು ಬೇಕೆಂದೇ ಉಳಿಸಿದ್ದಾರೆ, ಇಲಿಬೋನಿನ ಒಳಗೆ ಒಣರೊಟ್ಟಿ ಇಟ್ಟ ಹಾಗೆ.

"ಬಾರೀಲಿ ಅಮೆರಿಕದವರು ನಿನ್ನ ಕೇಳ್ಲಿಲ್ವಾ?" ಎಂದೆ.

"ಕೇಳಿದ್ರು. ಗೊತ್ತಿಲ್ಲ ಅಂದೆ. ಅಲ್ಲಿರೋರೆಲ್ಲ ನನ್ನ ಪಕ್ಕ ಮಲಗ್ತಿದ್ದೋರು ಕಣೇ. ನನ್ನ ಬಾಯಿಂದ ಬರ್ಲಿಲ್ಲ. ನಿಮ್ಮಣ್ಣ ನಿಂಗೆ ಹೇಳು ಅಂದಿದ್ದ, ಹೇಳಿದೀನಿ. ಇನ್ನು ಇದು ನಿಂದು." ಹಾಗೆಂದವನು ಗೋಧಿಯ ನೆರಳಲ್ಲಿ ಮಗುವಿನಂತೆ ನಿದ್ದೆ ಹೋದ.

ಅಣ್ಣ ಕಳಿಸಿದ ಮಾತು ಇಷ್ಟು: "ಅಮೆರಿಕದವ್ರಿಗೆ ಹೇಳಿಬಿಡಿ. ಬರೋದಾದ್ರೆ ಭಾನುವಾರ ಬೆಳಿಗ್ಗೆ ಬರ್ಲಿ. ಆಗ ನಮ್ಮನ್ನ ಸ್ನಾನಕ್ಕೆ ನದಿಗೆ ಕರ್ಕೊಂಡು ಹೋಗ್ತಾರೆ, ಗಿರಣಿ ಖಾಲಿ ಇರುತ್ತೆ."

ಅಣ್ಣನೇ ಹೇಳಿದ ಮೇಲೆ ಇನ್ನೇನು ಯೋಚನೆ ಎನ್ನುತ್ತೀಯಾ? ಬುಧವಾರ ಕೇಳಿದ ಮಾತನ್ನು ನಾನು ಗುರುವಾರವೂ ಹೇಳಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತೆ. ಶುಕ್ರವಾರ ವಿಮಾನಗಳು ಅಲ್ಲಿಗೇ ಹೋದವು. ಡೊಮ್‌ನದು ವಾಪಸು ಬರಲಿಲ್ಲ. ಅವನ ಎರಡು ಅಂಗಿ ಇನ್ನೂ ನನ್ನ ಹಗ್ಗದ ಮೇಲಿವೆ. ಬೇರೆಯವರು ಬಿಸಿಲಿಗೆ ಬಣ್ಣ ಹೋಗುತ್ತೆ, ತೆಗಿ ಎನ್ನುತ್ತಾರೆ. ಫಿಲುಮೇನಾ ಅಜ್ಜಿ ಮಾತ್ರ ತನ್ನ ಬಟ್ಟೆಗಳನ್ನು ಬೇರೆ ಹಗ್ಗಕ್ಕೆ ಹಾಕುತ್ತಾಳೆ.

ನನ್ನ ಕರಪತ್ರಗಳಲ್ಲಿ ದುಡಿಯುವವರು ಎಲ್ಲ ದೇಶದಲ್ಲೂ ಒಂದೇ ಎಂದು ಬರೆದಿದೆ. ನಾನದನ್ನು ಕಂಠಪಾಠ ಮಾಡಿದವಳು. ವಿಮಾನದ ಬಾಲದಲ್ಲಿ ಕೂರುವ ಹುಡುಗ ಅಮೆರಿಕದಲ್ಲಿ ಮಗ್ಗ ನಡೆಸುವವನ ಮಗ. ಗಿರಣಿಯಲ್ಲಿ ರೆಕ್ಕೆ ಮಾಡುವವನು ನನ್ನಣ್ಣ. ಒಬ್ಬನನ್ನು ಉಳಿಸುವ ಮಾತೇ ಇನ್ನೊಬ್ಬನ ಮೇಲೆ ಬೀಳುವುದಾದರೆ ಏನು ಮಾಡಬೇಕು ಎಂದು ಯಾವ ಪುಟದಲ್ಲೂ ಇಲ್ಲ. ಎಲ್ಲವನ್ನೂ ಮತ್ತೆ ತಿರುವಿ ಹಾಕಿದೆ, ಇಲ್ಲ. ಆದರೂ ಇಷ್ಟು ಗೊತ್ತು: ಆ ರೆಕ್ಕೆಗಳು ಹಾರಿದಷ್ಟು ದಿನ ಅಣ್ಣನಿಗೆ ಬಿಡುಗಡೆಯಿಲ್ಲ, ಯಾರಿಗೂ ಇಲ್ಲ. ಹೇಳುವುದೇ ಸರಿ.

ಹಾರಿ ಬಂದವರನ್ನು ಕೂರಿಸಿ ಏನು ಕಂಡಿರಿ ಎಂದು ಕೇಳುವ ಒಬ್ಬ ಅಧಿಕಾರಿ ಇದ್ದಾನೆ. ನಮ್ಮ ಭಾಷೆ ಬರುತ್ತದೆ. ಈ ಶನಿವಾರ ತನ್ನ ಬಟ್ಟೆಗೆ ತಾನೇ ಬರುತ್ತಾನೆ. ಅವನಿಗೆ ಗಿರಣಿಯ ಜಾಗ ಹೇಳಬೇಕು, ಭಾನುವಾರ ಎಂಬ ಮಾತನ್ನೂ ಬಿಡದೆ ಹೇಳಬೇಕು. ಅವರು ಕೇಳುತ್ತಾರೋ ಇಲ್ಲವೋ, ಆ ದಿನ ಮೋಡ ಇರುತ್ತದೋ, ಮುಂದಾಳು ಸರಿಯಾಗಿ ನೋಡುತ್ತಾನೋ, ನಾನು ಭರವಸೆ ಕೊಡಲಾರೆ. ಅಮ್ಮನ ಮೇಲೆ ಬಾಂಬು ಹಾಕಿದವನೂ ರೈಲು ಹಳಿಗೇ ಗುರಿ ಇಟ್ಟಿದ್ದಿರಬೇಕು.

ಅದಕ್ಕೇ ನೀನು ಬರಬೇಕು. ಅವನು ನನಗೆ ಅಣ್ಣ, ನಿನಗೆ ಗಂಡ, ಆಸ್ಸುಂತಾಗೆ ಅಪ್ಪ. ನೀನು ಬೇಡ ಅಂದರೆ ನಾನು ಹೇಳುವುದಿಲ್ಲ ಎಂದು ಮಾತು ಕೊಡಲಾರೆ. ಆದರೆ ನಿನ್ನ ಬೇಡವನ್ನು ಕೇಳದೆ ಹೋಗಿ ಹೇಳಲೂ ಆರೆ. ನನ್ನ ಮುಖ ನೋಡಿಕೊಂಡು ಹೇಳು, ಬೈಯಬೇಕಿದ್ದರೆ ಬೈ. ಚಿಕ್ಕಂದಿನಲ್ಲಿ ಒಂದೇ ಬೀದಿಯಲ್ಲಿ ಕಿತ್ತಾಡಿದವರು ನಾವು.

ಕಾಗದವನ್ನು ಸವೀನೊ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಚೆಯಲ್ಲಿ ಒಡೆದು ಓದುತ್ತಾರೆ. ಅವನಿಗೆ ಬಿಸಿಯಾಗಿ ಏನಾದರೂ ಬಡಿಸು. ಪ್ರಶ್ನೆ ಕೇಳಬೇಡ. ಆಸ್ಸುಂತಾಳ ಹಣೆಗೆ ನನ್ನ ಮುತ್ತು. ನಿನ್ನ ಮನೆಯ ಒಲೆ ಆರದಿರಲಿ.

ನಿನ್ನ ನಾದಿನಿ,
ಇಂಕೊರೊನಾಟಾ

ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಅಣ್ಣ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದ. "ಡೋನಾಟಾಗೆ ಭಾನುವಾರ ಅನ್ನೋದಷ್ಟೇ ಹೇಳು. ಕಾಲಿನ ವಿಷಯ ಬೇಡ. ತಂಗಿಗೆ ಹೇಳು, ಅವಳು ಅಳೋಳಲ್ಲ." ಚಳಿಗಾಲದಲ್ಲಿ ಯಂತ್ರಕ್ಕೆ ಸಿಕ್ಕಿ ಅವನ ಬಲಗಾಲು ಮಂಡಿಯ ಕೆಳಗೆ ಹೋಗಿದೆ, ಅತ್ತಿಗೆ. ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಭಾನುವಾರ ಬೇರೆಯವರು ನದಿಗೆ ಇಳಿಯುತ್ತಾರೆ. ಅವನು ಮಹಡಿಯಲ್ಲೇ ಇರುತ್ತಾನೆ. ಇದನ್ನು ಮುಚ್ಚಿಟ್ಟು ನಿನ್ನಿಂದ ಹೂಂ ಅನ್ನಿಸಿಕೊಂಡರೆ ನನಗೂ ಆ ಕಪ್ಪು ಅಂಗಿಯವರಿಗೂ ವ್ಯತ್ಯಾಸವಿಲ್ಲ. ಮತ್ತೆ, ಅಳುವವಳಲ್ಲ ಎಂದು ಅವನು ಅಂದುಕೊಂಡಿರುವುದು ಸುಳ್ಳು. ಒಬ್ಬಳೇ ಆ ಅಧಿಕಾರಿಯ ಮುಂದೆ ನಿಲ್ಲಲು ನನ್ನಿಂದಾಗದು. ರೈಲು ನಿಲ್ದಾಣದ ಎದುರು, ಅಮ್ಮ ನೀರಿಗೆ ನಿಂತಿದ್ದ ನಲ್ಲಿಯ ಹತ್ತಿರ ಕಾಯುತ್ತೇನೆ. ಶನಿವಾರ, ಜೂನ್ ಹದಿನೇಳು, ಬೆಳಿಗ್ಗೆ ಹತ್ತು ಗಂಟೆಗೆ.