ಕರಡಿಯ ಕೋಟಿನ ಗುಂಡಿ

ಅಪ್ಪಾ,

ನಿನ್ನ ಸುಳ್ಳು ಇವತ್ತು ಬಯಲಾಯಿತು! ನನ್ನ ಚಿಕ್ಕಂದಿನಲ್ಲಿ ನಾವು ಟಿವಿಯಲ್ಲಿ ನೋಡುತ್ತಿದ್ದ ಕರಡಿಯ ಕಾರ್ಟೂನು, ನೀನು ಕಾಣದೇ ಹೋದ ನಿನ್ನ ಮೊಮ್ಮಗಳಿಗೆ ಫೋನಿನಲ್ಲಿ ಸಿಕ್ಕಿತು. ಕೆಳಗೆ ಮಾತಿನ ಅರ್ಥವೂ ಕನ್ನಡದಲ್ಲಿ ಬರುತ್ತಿತ್ತು. ಆ ಕರಡಿ ಹಡಗಿನ ಕಪ್ತಾನನಂತೆ, ಕಳೆದುಹೋದ ತಮ್ಮನನ್ನು ಹುಡುಕುತ್ತಿದೆಯಂತೆ!

ಆ ಕಾರ್ಟೂನಿನ ಭಾಷೆ ಆಗ ನಮ್ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನೀನೋ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ ದನಿ ದಪ್ಪ ಮಾಡಿಕೊಂಡು, "ಅಯ್ಯೋ, ನನ್ನ ಕೋಟಿನ ಗುಂಡಿ ಬಿದ್ದೋಯ್ತು! ಯಾರಾದ್ರೂ ನೋಡಿದ್ರಾ?" ಎನ್ನುತ್ತಿದ್ದೆ. ಅಲ್ಲಿ ಬಿರುಗಾಳಿ ಎದ್ದರೂ ನಿನ್ನ ಕರಡಿಗೆ ಗುಂಡಿಯದೇ ಚಿಂತೆ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಶಾಲೆಯಲ್ಲಿ ಆ ಭಾಷೆ ಒಂಚೂರು ಕಲಿತ ಮೇಲೆ, ಒಂದು ದಿನ ಗೆಳತಿಯರೆದುರೇ ನಾನು, "ಸುಮ್ನಿರಪ್ಪ, ಅದು ಹಾಗೆ ಹೇಳ್ತಾನೇ ಇಲ್ಲ" ಎಂದುಬಿಟ್ಟೆ. ನೀನು ನಕ್ಕು ಯಂತ್ರ ತುಳಿಯತೊಡಗಿದೆ. ಆಮೇಲಿನ ಕಂತುಗಳಲ್ಲೆಲ್ಲ ನಿನ್ನ ಯಂತ್ರದ ಸದ್ದು ಮಾತ್ರ.

ಇವತ್ತು ಮಗಳಿಗೆ ಗುಂಡಿಯ ಕಥೆ ಹೇಳಿದೆ. ಅವಳು ಆ ಅರ್ಥದ ಸಾಲನ್ನು ಅಂಗೈಯಿಂದ ಮುಚ್ಚಿ, "ಇದು ಬೇಡಮ್ಮ, ತಾತ ಹೇಳಿದ್ದೇ ಹೇಳು" ಎಂದಳು. ನಿನ್ನಷ್ಟು ದಪ್ಪ ದನಿ ನನಗೆ ಬರಲಿಲ್ಲ. ಆದರೂ ಉರುಳಾಡಿ ನಕ್ಕಳು. ಕೊನೆಯ ಕಂತಿನಲ್ಲಿ ಕರಡಿಗೆ ತಮ್ಮ ಸಿಕ್ಕಿದ.

"ಗುಂಡಿ ಸಿಕ್ತಾ?" ಎಂದಳು.

"ತಾತನ್ನ ಕೇಳಿ ಹೇಳ್ತೀನಿ" ಎಂದುಬಿಟ್ಟೆ, ಬಾಯಿತಪ್ಪಿ.

ಅದಕ್ಕೇ ಕೇಳುತ್ತಿದ್ದೇನೆ. ಸಿಕ್ತಾ ಅಪ್ಪಾ?