ನನ್ನ ಗೆಳತಿಗೆ ಫೋನ್ ಮಾಡಬೇಡ

ಅಮ್ಮಾ,

"ನಮ್ಮ ಹುಡುಗಿಗೆ ಬೆರೆಯೋಕೆ ಬರಲ್ಲ, ಸ್ವಲ್ಪ ಜೊತೆಗೆ ಸೇರಿಸ್ಕೊಳ್ಳಮ್ಮಾ" ಎಂದು ನನ್ನ ರೂಮ್‌ಮೇಟ್‌ಗೆ ಫೋನ್ ಮಾಡಿ ಬೇಡಿಕೊಂಡೆಯಂತೆ. ಸ್ಪೀಕರ್ ಆನ್ ಇದ್ದುದರಿಂದ ನಮ್ಮ ನಾಟಕದ ತಂಡವೆಲ್ಲ ಕೇಳಿಸಿಕೊಂಡಿತು; ಇವತ್ತು ಕ್ಯಾಂಟೀನಿನಲ್ಲಿ ಅದನ್ನೇ ಆಡಿಕೊಂಡು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ನಾಟಕಕ್ಕೆ ಪರದೆ ಹೊಲಿದು, ತಂಡದವರಿಂದ ಬೈಸಿಕೊಂಡು, ಒಬ್ಬೊಬ್ಬರ ಸ್ನೇಹವನ್ನೂ ಸಂಪಾದಿಸಿದವಳು ನಾನು. ಈಗ ಅದೆಲ್ಲ ನೀನು ಬೇಡಿ ತಂದ ಭಿಕ್ಷೆಯಂತಾಯಿತು.

ಸಿಟ್ಟು ತಡೆಯದೆ ರೂಮ್‌ಮೇಟನ್ನೇ ಕೇಳಿದೆ: "ನಮ್ಮಮ್ಮ ಹೇಳಿದ್ದಕ್ಕೇ ನನ್ನ ಜೊತೆ ಇದ್ದೀಯಾ?"

"ನಮ್ಮಮ್ಮನ ಮಾತೇ ಕೇಳಲ್ಲ ನಾನು, ನಿಮ್ಮಮ್ಮನ ಮಾತು ಕೇಳ್ತೀನಾ?" ಎಂದಳು.

ನಗು ಬಂತು. ಆದರೆ ನಿನ್ನ ಮೇಲಿನ ಕೋಪ ಹಾಗೇ ಇದೆ. ಇನ್ನು ಏನಿದ್ದರೂ ನನಗೇ ಫೋನ್ ಮಾಡು. ಈ ವಾರ ಮಾತ್ರ ಬೇಡ, ನಾನು ಎತ್ತುವುದಿಲ್ಲ.

ಇಂತಿ,
ಇನ್ನೂ ಸಿಟ್ಟಿಳಿಯದ ನಿನ್ನ ಮಗಳು